ಮಲೆನಾಡಿನ ಚಳಿಯಲ್ಲಿ ಮನೆಯ ಈಜುಕೊಳ: ಕಪ್ಪು ಸೋಲಾರ್ ಪ್ಯಾನೆಲ್ ಮತ್ತು ಗುಳ್ಳೆ ಹೊದಿಕೆ, ನಾಲ್ಕನೆಯ ಚಳಿಗಾಲದ ಅನುಭವ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿದೆ. ತಮ್ಮ ಬೆಂಗಳೂರು ಬಿಟ್ಟು ಊರಿಗೆ ಬಂದ ವರ್ಷ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಸುಮಾರು 38,000 ಲೀಟರ್ ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ಮಕ್ಕಳು ಮೇಲೆ ಬರಲೇ ಒಲ್ಲರು. ದೀಪಾವಳಿ ಕಳೆದ ಮೇಲೆ ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಅದೇ ಹೊತ್ತಿಗೆ ಅಮ್ಮನ ಮೊಣಕಾಲು ನೋವು ಹೆಚ್ಚಿತು. ನೀರಿನಲ್ಲಿ ನಿಂತು ವ್ಯಾಯಾಮ ಮಾಡಿಸಿ ಎಂದು ಶಿವಮೊಗ್ಗದ ವೈದ್ಯರು ಹೇಳಿದಾಗ, ಮನೆಯಲ್ಲೇ ಕೊಳವಿದೆಯಲ್ಲ ಎಂದು ನಾನು ಹಿಗ್ಗಿದೆ. ಅಮ್ಮ ಮೊದಲ ಮೆಟ್ಟಿಲಿನ ನೀರಿಗೆ ಪಾದ ಇಟ್ಟವಳೇ ಹಿಂದಕ್ಕೆ ಎಳೆದುಕೊಂಡಳು. ಥರ್ಮಾಮೀಟರ್ 21 ಡಿಗ್ರಿ ತೋರಿಸುತ್ತಿತ್ತು. ಆಕೆಗೆ ಕನಿಷ್ಠ 28 ಬೇಕಿತ್ತು.

ಕೊಳ ಬಿಸಿ ಮಾಡಲು ಹೊರಡುವವರು ಮೊದಲು ಒಂದು ಲೆಕ್ಕ ಮಾಡಿಕೊಳ್ಳಬೇಕು. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ಯೂನಿಟ್‌ನಷ್ಟು (ವಿದ್ಯುತ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್) ಶಾಖ ಬೇಕು. ನಮ್ಮ ಕೊಳಕ್ಕೆ ಒಂದು ಡಿಗ್ರಿಗೆ ಸುಮಾರು 45 ಯೂನಿಟ್. ಏಳು ಡಿಗ್ರಿ ಏರಿಸಲು ಮುನ್ನೂರು ಯೂನಿಟ್‌ಗೂ ಹೆಚ್ಚು, ಅದೂ ಒಂದು ಸಲಕ್ಕೆ. ಗೀಸರ್‌ನಂಥ ಕಾಯಿಲ್ ಹೀಟರ್ ಹಾಕಿಸುವ ಆಸೆ ನಮಗೆ ಅಲ್ಲಿಗೇ ಬಿಟ್ಟುಹೋಯಿತು.

ಪಕ್ಕದ ತೋಟದ ಹಿರಿಯರು ಇನ್ನೊಂದು ದಾರಿ ತೋರಿಸಿದರು. "ಬಚ್ಚಲ ಹಂಡೆಯಿಂದಲೇ ಒಂದು ಪೈಪು ಎಳೆದುಬಿಡು ಮಾರಾಯ್ತಿ, ಅಡಿಕೆ ಸಿಪ್ಪೆ, ಕಟ್ಟಿಗೆ ಬೇಕಾದಷ್ಟು ಬಿದ್ದಿದೆಯಲ್ಲ!" ಮಾತು ನನಗೂ ಹಿಡಿಸಿತ್ತು. ಆದರೆ ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಇರುವುದು ಸುಮಾರು ನಾಲ್ಕು ಯೂನಿಟ್ ಶಾಖ. ನಮ್ಮ ಒಲೆಗಳಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಹೊಗೆಯ ಜೊತೆ ಹೋಗುತ್ತದೆ. ಒಂದು ಡಿಗ್ರಿಗೆ ಏನಿಲ್ಲವೆಂದರೂ 28 ಕಿಲೋ ಕಟ್ಟಿಗೆ ಉರಿಯಬೇಕು. 14.2 ಕಿಲೋ ಅಡುಗೆ ಅನಿಲದ ಸಿಲಿಂಡರ್ ಪೂರ್ತಿ ಉರಿಸಿದರೂ ಮೂರು ಡಿಗ್ರಿಗೆ ಮುಗಿಯುತ್ತದೆ. ಮಾಡಿನ ಮೇಲಿರುವ 200 ಲೀಟರ್ ಸೋಲಾರ್ ಹೀಟರ್‌ನ ಬಿಸಿನೀರನ್ನು ಪೂರ್ತಿ ಸುರಿದರೆ ಕೊಳ ಏರುವುದು ಡಿಗ್ರಿಯ ಐದನೆಯ ಒಂದು ಭಾಗ. ಕೊಳದ ನೀರನ್ನೇ ಅದರೊಳಗೆ ಹಾಯಿಸೋಣ ಎಂದರೆ ಕ್ಲೋರಿನ್ ನೀರು ತಾಮ್ರದ ಕೊಳವೆಯನ್ನು ತಿನ್ನುತ್ತದೆ.

ಉಳಿದದ್ದು ಎರಡು ದಾರಿ. ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ವಿದ್ಯುತ್ ಯಂತ್ರ ಹೀಟ್ ಪಂಪ್; ಅದಕ್ಕೆ ನಮಗೆ ಬಂದ ಕೊಟೇಶನ್ 2.4 ಲಕ್ಷ ರೂಪಾಯಿ. ಗಾಜಿಲ್ಲದ ಕಪ್ಪು ಸೋಲಾರ್ ಪ್ಯಾನೆಲ್‌ಗಳಿಗೆ ಜೋಡಣೆ ಸೇರಿ ಒಂದೂವರೆ ಲಕ್ಷ. ನಾವು ಪ್ಯಾನೆಲ್ ಆರಿಸಿಕೊಂಡೆವು. ಇವು ವಿದ್ಯುತ್ ತಯಾರಿಸುವ ಪ್ಯಾನೆಲ್‌ಗಳಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಕೊಳವೆಗಳನ್ನು ಚಾಪೆಯಂತೆ ಒತ್ತೊತ್ತಾಗಿ ಜೋಡಿಸಿರುತ್ತಾರೆ. ಫಿಲ್ಟರ್ ದಾಟಿದ ಕೊಳದ ನೀರು ಅದರೊಳಗೆ ಹರಿದು, ಬಿಸಿಲು ಕುಡಿದು, ಮತ್ತೆ ಕೊಳಕ್ಕೆ ಬರುತ್ತದೆ. ಪ್ಯಾನೆಲ್‌ಗಳ ವಿಸ್ತೀರ್ಣ ಕೊಳದ ಮೇಲ್ಮೈಯ ಅರ್ಧಕ್ಕಾದರೂ ಸಮನಾಗಿರಬೇಕು. ನಮ್ಮದು 32 ಚದರ ಮೀಟರ್ ಕೊಳಕ್ಕೆ 24 ಚದರ ಮೀಟರ್. ಹೆಂಚಿನ ಮಾಡು ಬೇಡವೇ ಬೇಡ, ಹತ್ತಿ ಇಳಿದರೆ ಹೆಂಚು ಒಡೆಯುತ್ತದೆ. ಅಡಿಕೆ ಸುಲಿಯುವ ಶೆಡ್ಡಿನ ತಗಡಿನ ಮಾಡು ದಕ್ಷಿಣಕ್ಕೆ ಇಳಿಜಾರಾಗಿದ್ದದ್ದು ನಮ್ಮ ಅದೃಷ್ಟ.

ಮೊದಲ ವಾರ ಅಮ್ಮ ನೀರು ಬರುವ ಬಾಯಿಗೆ ಕೈ ಹಿಡಿದು, "ಇದು ಬಿಸಿಯೇ ಇಲ್ಲವಲ್ಲ!" ಎಂದಳು. ನನಗೂ ಎದೆ ಧಸಕ್ಕೆಂದಿತು. ಆಮೇಲೆ ಓದಿ ತಿಳಿದುಕೊಂಡೆ, ಅದು ಹಾಗೆಯೇ ಇರಬೇಕು. ಗಂಟೆಗೆ ಐದು ಸಾವಿರ ಲೀಟರ್ ಹರಿಯುವಾಗ ಒಳಹೋದ ನೀರಿಗಿಂತ ಹೊರಬಂದದ್ದು ಎರಡು ಮೂರು ಡಿಗ್ರಿಯಷ್ಟೇ ಹೆಚ್ಚು ಬೆಚ್ಚಗಿರುತ್ತದೆ. ನೀರು ಕೈ ಸುಡುವಷ್ಟು ಬಿಸಿಯಾಗಿ ಬಂದರೆ ಹರಿವು ಕಡಿಮೆಯಾಗಿದೆ, ಕಾದ ಪ್ಯಾನೆಲ್ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತಿದೆ ಎಂದರ್ಥ. ಬಿಸಿನೀರು ಬರಲಿ ಎಂದು ದಯವಿಟ್ಟು ವಾಲ್ವ್ ತಿರುಗಿಸಿ ಹರಿವು ತಗ್ಗಿಸಬೇಡಿ.

ಜೋಡಿಸಿಕೊಟ್ಟವರು ಮಾಡಿದ ಒಂದು ತಪ್ಪು ನಮಗೆ ಮೂರು ವಾರ ಕಾಡಿತು. ಬೆಳಿಗ್ಗೆ ಎಂಟಕ್ಕೆ ಪಂಪು ಚಾಲೂ ಆಗುವಂತೆ ಬರಿಯ ಟೈಮರ್ ಇಟ್ಟು ಹೋಗಿದ್ದರು. ಬಯಲುಸೀಮೆಯಲ್ಲಿ ಅದು ಸರಿಹೋಗಬಹುದು. ನಮ್ಮಲ್ಲಿ ಡಿಸೆಂಬರ್‌ನ ಮಂಜು ಎಷ್ಟೋ ದಿನ ಒಂಬತ್ತೂವರೆಯವರೆಗೂ ತೋಟದ ಮೇಲಿಂದ ಕದಲುವುದಿಲ್ಲ. ರಾತ್ರಿಯೆಲ್ಲ ತಣ್ಣಗಾದ ಪ್ಯಾನೆಲ್‌ಗಳೊಳಗೆ ಕೊಳದ ನೀರನ್ನು ಹಾಯಿಸಿ, ಇದ್ದ ಶಾಖವನ್ನೂ ನಾವೇ ಕೈಯಾರೆ ಕಳೆದುಕೊಳ್ಳುತ್ತಿದ್ದೆವು. ಕೇಳಿದರೆ, ಮುಂದಿನ ಸರ್ವೀಸ್‌ಗೆ ಬಂದಾಗ ನೋಡುತ್ತೇವೆ ಎಂಬ ಉತ್ತರ. ಕೊನೆಗೆ ತಮ್ಮನೇ ಎರಡು ಸೆನ್ಸರ್ ಇರುವ ಕಂಟ್ರೋಲರ್ ತರಿಸಿ ಹಾಕಿದ. ಒಂದು ಸೆನ್ಸರ್ ಮಾಡಿನ ಮೇಲೆ, ಇನ್ನೊಂದು ಕೊಳದ ಪೈಪಿನಲ್ಲಿ. ಪ್ಯಾನೆಲ್ ಕೊಳಕ್ಕಿಂತ ಐದು ಡಿಗ್ರಿ ಹೆಚ್ಚು ಕಾದಾಗ ಮಾತ್ರ ನೀರು ಮೇಲಕ್ಕೆ ಹೋಗುತ್ತದೆ. ಮಲೆನಾಡಿನಲ್ಲಿ ಇದು ಇಲ್ಲದೆ ಪ್ಯಾನೆಲ್ ಹಾಕಿಸಲೇಬಾರದು.

ಆದರೂ ನೀರು 25 ದಾಟಲಿಲ್ಲ. ಒಳ್ಳೆಯ ಬಿಸಿಲಿನ ದಿನ ಈ ಪ್ಯಾನೆಲ್‌ಗಳು ಒಂದೂವರೆ ಡಿಗ್ರಿಗೂ ಹೆಚ್ಚು ಏರಿಸುತ್ತವೆ. ನೇರ ಬಿಸಿಲು ಕೊಳಕ್ಕೆ ಬೀಳುವುದು ಬೇರೆ. ಸಂಜೆಗೆ ಆಸೆ ಹುಟ್ಟಿಸುತ್ತಿದ್ದ ಅಂಕಿ ಬೆಳಗಾಗುವಷ್ಟರಲ್ಲಿ ಜಾರಿರುತ್ತಿತ್ತು. ಜನವರಿಯ ಒಂದು ಬೆಳಗಿನ ಜಾವ ಹಿತ್ತಲಿಗೆ ಹೋದವಳು ಕೊಳದ ಮೇಲಿಂದ ಹಂಡೆಯ ಹಬೆಯಂತೆ ಬಿಳಿ ಆವಿ ಏಳುತ್ತಿದ್ದುದನ್ನು ಕಂಡೆ. ಆ ರಾತ್ರಿ ಮಲಗುವ ಮುನ್ನ ಟೈಲ್ಸ್ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆ. ಬೆಳಿಗ್ಗೆ ನೀರು ಗೆರೆಗಿಂತ ನಾಲ್ಕು ಮಿಲಿಮೀಟರ್ ಕೆಳಗಿತ್ತು.

ನಾಲ್ಕು ಮಿಲಿಮೀಟರ್ ಎಂದರೆ ನಮ್ಮ ಕೊಳದಲ್ಲಿ ಸುಮಾರು 128 ಲೀಟರ್. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಯೂನಿಟ್‌ನ ಮೂರನೆಯ ಎರಡು ಭಾಗದಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಒಂದೇ ರಾತ್ರಿಯಲ್ಲಿ 85 ಯೂನಿಟ್, ಹತ್ತಿರ ಹತ್ತಿರ ಎರಡು ಡಿಗ್ರಿ! ಹಗಲೆಲ್ಲ ಪ್ಯಾನೆಲ್ ದುಡಿದು ತಂದದ್ದು ರಾತ್ರಿ ಆ ಬಿಳಿ ಆವಿಯಲ್ಲಿ ಹೋಗುತ್ತಿತ್ತು. ತೆರೆದ ಕೊಳದಿಂದ ಹೋಗುವ ಶಾಖದಲ್ಲಿ ದೊಡ್ಡ ಪಾಲು ಹೀಗೆ ಆವಿಯಾಗಿಯೇ ಹೋಗುತ್ತದೆ. ಪ್ಯಾನೆಲ್ ಕೊಳ್ಳುವಾಗ ಹೊದಿಕೆ ಬೇಕೇ ಎಂದು ನಾನು ಕೇಳಿದ್ದೆ. ನಿಮ್ಮ ಹವೆಗೆ ಅಗತ್ಯವಿಲ್ಲ ಎಂದಿದ್ದರು. ಆ ಉತ್ತರವನ್ನು ನಂಬಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ. ಅಮ್ಮನ ಆ ಚಳಿಗಾಲದ ವ್ಯಾಯಾಮದಲ್ಲಿ ಬಹುಪಾಲು ಅದರಿಂದ ತಪ್ಪಿತು.

ಹೊದಿಕೆ ಬಂದದ್ದು ಜನವರಿಯ ಕೊನೆಯಲ್ಲಿ. ಗಾಜಿನ ಸಾಮಾನು ಸುತ್ತಿ ಕಳಿಸುವ ಗುಳ್ಳೆ ಪ್ಲಾಸ್ಟಿಕ್ ನೋಡಿರುತ್ತೀರಿ. ಅದರದ್ದೇ ದಪ್ಪನೆಯ, ಬಿಸಿಲು ತಾಳುವ ರೂಪ. 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪದ್ದಕ್ಕೆ 38,000 ರೂಪಾಯಿ ಕೊಟ್ಟೆವು, ಸುತ್ತುವ ರೋಲರ್‌ಗೆ ಬೇರೆ 30,000. ಗುಳ್ಳೆಗಳು ನೀರಿನ ಕಡೆಗೆ ಮುಖ ಮಾಡಿರಬೇಕು. ಮೊದಲ ರಾತ್ರಿಯೇ ಇಳಿಕೆ ಒಂದು ಡಿಗ್ರಿಗೆ ನಿಂತಿತು. ಹತ್ತು ದಿನದಲ್ಲಿ ಮಧ್ಯಾಹ್ನದ ನೀರು 28 ಮುಟ್ಟಿತು. ಮುಟ್ಟಿದ ದಿನ ಅಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಎದೆಮಟ್ಟದ ನೀರಿನಲ್ಲಿ ನಿಂತು, ಯಾರ ಆಸರೆಯೂ ಇಲ್ಲದೆ ಎಡಗಾಲು ಮಡಿಸಿ ಎತ್ತಿದಳು. ನೆಲದ ಮೇಲೆ ಆಕೆಗೆ ಅದು ಸಾಧ್ಯವಾಗದೆ ಆರು ತಿಂಗಳಾಗಿತ್ತು.

ಹಾಗಾಗಿ ಕೈಯಲ್ಲಿ ಹಣ ಕಡಿಮೆ ಇದ್ದರೆ ಮೊದಲು ಹೊದಿಕೆ ತನ್ನಿ, ಒಂದು ಚಳಿಗಾಲ ನೋಡಿ, ಆಮೇಲೆ ಬಿಸಿ ಮಾಡುವ ಯಂತ್ರದ ಮಾತು. ಹೀಟ್ ಪಂಪ್ ಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ. ಒಂದು ಯೂನಿಟ್ ವಿದ್ಯುತ್ತಿಗೆ ನಾಲ್ಕೂವರೆ ಯೂನಿಟ್ ಶಾಖ ಕೊಡುವ ಪಂಪಿಗೆ ನಮ್ಮ ಕೊಳದ ಒಂದು ಡಿಗ್ರಿ ತುಂಬಲು ದಿನಕ್ಕೆ ಹತ್ತು ಯೂನಿಟ್ ಸಾಕು. ಹೊದಿಕೆಯಿಲ್ಲದೆ ಮೂರು ಡಿಗ್ರಿ ಇಳಿದರೆ ಮೂವತ್ತು ಬೇಕು. ಪಂಪು ಎಷ್ಟು ಶಾಖ ಕೊಡುತ್ತದೆ ಎಂದು ಕೊಟೇಶನ್‌ನಲ್ಲಿ ಬರೆದ ದೊಡ್ಡ ಅಂಕಿ ಸಾಮಾನ್ಯವಾಗಿ 26–27 ಡಿಗ್ರಿಯ ಬೆಚ್ಚನೆ ಗಾಳಿಗೆ ಹೇಳಿದ್ದು. 15 ಡಿಗ್ರಿಯ ಗಾಳಿಗೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ, ನಮ್ಮ ಚಳಿಗಾಲದ ಬೆಳಗಿಗೆ ಹೊಂದುವುದು ಅದೇ. ವರ್ಷವಿಡೀ ಒಂದು ದಿನವೂ ತಪ್ಪದೆ ಬೆಚ್ಚನೆ ನೀರು ಬೇಕು, ಮನೆಯ ವೋಲ್ಟೇಜ್ ಸ್ಥಿರವಾಗಿದೆ ಎನ್ನುವವರಿಗೆ ಹೀಟ್ ಪಂಪೇ ಸರಿ. ನಮ್ಮಲ್ಲಿ ಸಂಜೆ ಬಲ್ಬು ಮಂಕಾಗುವುದು ನೋಡಿ ಕಂಪ್ರೆಸರ್ ಇಡುವ ಧೈರ್ಯ ನನಗೆ ಬರಲಿಲ್ಲ.

ಮಳೆಗಾಲದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ಯಾನೆಲ್‌ಗಳಿಂದ ಪ್ರಯೋಜನವಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮಳೆ ನಮ್ಮ ಮನೆಯಿಂದ ಬಹಳ ದೂರವೇನಿಲ್ಲ. ಬಿಸಿಲೇ ಕಾಣದ ವಾರಗಳಿರುತ್ತವೆ. ನಾವು ಪ್ಯಾನೆಲ್‌ನ ವಾಲ್ವ್ ಮುಚ್ಚಿ, ನೀರು ಬಸಿದು, ಹೊದಿಕೆ ಸುತ್ತಿ ಒಳಗಿಡುತ್ತೇವೆ. ಅಕ್ಟೋಬರ್‌ನಲ್ಲಿ ಮಾಡು ಹತ್ತಿ ಮೃದುವಾದ ಬ್ರಷ್‌ನಿಂದ ಪಾಚಿ ತೊಳೆದು ಮತ್ತೆ ಆರಂಭ.

ದುರಸ್ತಿ ಹೆಚ್ಚೇನೂ ಬಂದಿಲ್ಲ. ಎರಡನೆಯ ವರ್ಷ ಮಂಗಗಳು ಪ್ಯಾನೆಲ್‌ಗಳ ನಡುವಿನ ರಬ್ಬರ್ ಕೊಳವೆಯನ್ನು ಕಿತ್ತು ಹಾಕಿದವು. ಈಗ ಜೋಡಣೆಯ ಜಾಗಗಳಿಗೆ ಕಬ್ಬಿಣದ ಜಾಲರಿ ಹೊದಿಸಿದ್ದೇವೆ, ತುಕ್ಕು ಹಿಡಿದ ಕ್ಲಿಪ್‌ಗಳ ಬದಲು ಸ್ಟೀಲಿನವು ಬಂದಿವೆ. ಪಂಪು ದಿನಕ್ಕೆ ಐದಾರು ಯೂನಿಟ್ ತಿನ್ನುತ್ತದೆ, ಆದರೆ ನೀರು ಸೋಸಲು ಅದು ಹೇಗೂ ಓಡಲೇಬೇಕು.

ಹೊದಿಕೆಯಿಂದ ಒಂದು ಅಪಾಯವಿದೆ, ಮಕ್ಕಳಿರುವ ಮನೆಯವರು ಗಮನಿಸಬೇಕು. ಅದು ಗಟ್ಟಿ ನೆಲದಂತೆ ಕಾಣುತ್ತದೆ. ಮೇಲೆ ಕಾಲಿಟ್ಟ ಮಗು ಕೆಳಗೆ ಜಾರಿದರೆ ಪ್ಲಾಸ್ಟಿಕ್ ಮತ್ತೆ ಮುಚ್ಚಿಕೊಳ್ಳುತ್ತದೆ, ಹೊರಗಿನವರಿಗೆ ಏನೂ ಕಾಣುವುದಿಲ್ಲ. ಅರ್ಧ ಸುತ್ತಿ ಅರ್ಧ ಬಿಟ್ಟು ಯಾರನ್ನೂ ನೀರಿಗೆ ಇಳಿಸಬೇಡಿ, ಪೂರ್ತಿ ತೆಗೆಯಿರಿ. ನಾವು ಕೊಳದ ಸುತ್ತ ಬೇಲಿ ಹಾಕಿ ಗೇಟಿಗೆ ಚಿಲಕ ಇಟ್ಟಿದ್ದೇವೆ.

ನಮ್ಮ ಹೊದಿಕೆಗೆ ಈಗ ವಯಸ್ಸಾಗಿದೆ. ಮಡಿಕೆ ಬೀಳುವ ಕಡೆ ಗುಳ್ಳೆಗಳು ಒಡೆದು, ನೀಲಿ ಚೂರುಗಳು ನೀರಿನ ಮೇಲಿನ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿ ಸಿಗುತ್ತಿವೆ. ಸ್ವಲ್ಪ ತಪ್ಪು ನಮ್ಮದೂ ಇದೆ, ಕ್ಲೋರಿನ್ ಹೆಚ್ಚು ಹಾಕಿದ ದಿನವೂ ಮುಚ್ಚಿಟ್ಟಿದ್ದೆವು. ಕಳೆದ ವಾರ ಅದನ್ನು ತೆಗೆದುಹಾಕಿದೆವು. ನೀರು ಈಗಾಗಲೇ 25ಕ್ಕೆ ಇಳಿದಿದೆ. ಹೊಸದು ಶುಕ್ರವಾರ ಶಿವಮೊಗ್ಗಕ್ಕೆ ಬರುತ್ತದೆ, ತಮ್ಮ ಪಿಕಪ್ ತೆಗೆದುಕೊಂಡು ಹೋಗುತ್ತಾನೆ. ಮೂರೂವರೆಗೆ ನೀರಿಗೆ ಇಳಿದು ಅಭ್ಯಾಸವಾದ ಅಮ್ಮ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳುತ್ತಾಳೆ, "ಹೊದಿಕೆ ಹೊರಟಿದೆಯಂತಾ?"