ರ‍್ಯಾಕಮ್‌ನ ಕಾಡು, ಮಡಿಕೇರಿಯ ಮಳೆ, 250 ಮರದ ಚೂರು

ಜುಲೈ ತಿಂಗಳಲ್ಲಿ ಮೂರು ದಿನ ಕರೆಂಟಿಲ್ಲದೆ ಮಡಿಕೇರಿಯ ಮನೆಯೊಳಗೆ ಕೂತವರಿಗೆ ಜಿಗ್‌ಸಾ ಪಝಲ್‌ನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ಮಳೆಗಾಲಕ್ಕೆ ಮುಂಚೆ, ಮೊಮ್ಮಗಳ ನೆಪ ಹೇಳಿ ನನಗಾಗಿಯೇ ಎರಡು ಮರದ ಪಝಲ್‌ಗಳನ್ನು ತರಿಸಿಕೊಂಡೆ. ಎರಡರಲ್ಲೂ ಇರುವುದು ನೂರು ವರ್ಷಕ್ಕೂ ಹಳೆಯ ಕಿನ್ನರ ಕಥೆಗಳ ಚಿತ್ರಗಳು. ಒಂದು, ಗ್ರಿಮ್ ಸಹೋದರರ ಕಥೆಗಳ 1909ರ ಆವೃತ್ತಿಗೆ ಆರ್ಥರ್ ರ‍್ಯಾಕಮ್ ಬರೆದದ್ದು. ಕೆಂಪು ಟೋಪಿಯ ಹುಡುಗಿ ಕಾಡಿನಲ್ಲಿ ತೋಳಕ್ಕೆ ಎದುರಾಗುತ್ತಾಳೆ. ಇನ್ನೊಂದು, ಆಂಡರ್ಸನ್ನನ ಕಥೆಗಳಿಗೆ ಎಡ್ಮಂಡ್ ಡ್ಯುಲಾಕ್ 1911ರಲ್ಲಿ ಬರೆದ ಹಿಮರಾಣಿ. ತಲಾ 250 ಚೂರು, ನಾಲ್ಕು ಮಿಲಿಮೀಟರ್ ದಪ್ಪದ ಪ್ಲೈವುಡ್, ಒಂದಕ್ಕೆ 2,400 ರೂಪಾಯಿ.

ದುಬಾರಿ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ರ‍್ಯಾಕಮ್‌ನ ಪೆಟ್ಟಿಗೆಯ ಮಟ್ಟಿಗೆ ನಾನು ಕೊಟ್ಟ ಹಣಕ್ಕೆ ಮೋಸವಾಗಿಲ್ಲ, ಅದಕ್ಕೆ ಕಾರಣ ಚೂರುಗಳನ್ನು ಕತ್ತರಿಸಿರುವ ರೀತಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬಾತ ಮಕ್ಕಳಿಗೆ ಭೂಗೋಳ ಕಲಿಸಲೆಂದು ತೆಳು ಹಲಗೆಗೆ ನಕಾಶೆ ಅಂಟಿಸಿ, ದೇಶಗಳ ಗಡಿರೇಖೆಯ ಗುಂಟ ಕೊಯ್ದು ಮಾರಿದ. ಈ ತಯಾರಕರೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದು, ಚೌಕಚೌಕವಾಗಿ ಕತ್ತರಿಸುವ ಬದಲು ಮರದ ಬೇರು ಸುತ್ತಿಕೊಂಡು ಹೋದ ಕಡೆಗೇ ಲೇಸರ್ ಓಡಿಸಿದ್ದಾರೆ. ರ‍್ಯಾಕಮ್ ಶಾಯಿಯಲ್ಲಿ ಗೆರೆ ಎಳೆದು, ಅದರ ಮೇಲೆ ಮಬ್ಬು ಕಂದು ಬಣ್ಣವನ್ನು ತೆಳ್ಳಗೆ ಬಳಿಯುತ್ತಿದ್ದವನು; ಆದ್ದರಿಂದ ಯಾವ ಚೂರು ಕೈಗೆತ್ತಿಕೊಂಡರೂ ಅದರಲ್ಲಿ ಒಂದಲ್ಲ ಒಂದು ಬೇರಿನ ತುದಿಯೋ ತೊಗಟೆಯ ಸುಕ್ಕೋ ಇದ್ದೇ ಇರುತ್ತದೆ, ನೋಡುತ್ತ ನೋಡುತ್ತ ಕೈಯಲ್ಲಿರುವುದು ನಮ್ಮ ತೋಟದಂಚಿನ ಪಾಚಿ ಹಿಡಿದ ಮರದ ಬುಡವೇ ಅನ್ನಿಸತೊಡಗುತ್ತದೆ. ನಡುನಡುವೆ ಬೀಗದ ಕೈ, ಬುಟ್ಟಿ, ನರಿ ಮುಂತಾದ ಆಕಾರದ ಇಪ್ಪತ್ತು ಚೂರುಗಳಿವೆ. ಮೊಮ್ಮಗಳು ಮೊದಲು ಅವನ್ನೆಲ್ಲ ಆರಿಸಿ ಬೇರೆ ತಟ್ಟೆಗೆ ಹಾಕಿಕೊಂಡಳು, ನನಗೆ ಉಳಿದದ್ದು ಬರೀ ಬೇರು.

ಡ್ಯುಲಾಕ್‌ನದು ಇನ್ನೊಂದು ಕಥೆ. ಅವನು ಗೆರೆಗಿಂತ ಬಣ್ಣವನ್ನು ನಂಬಿದವನು. ಪುಸ್ತಕದಲ್ಲಿ ಕಣ್ಣಿಗೆ ತಂಪೆರೆಯುವ ಆ ರಾತ್ರಿಯ ನೀಲಿ, ಚೂರುಗಳಾದ ಮೇಲೆ ನೂರಕ್ಕೂ ಮಿಕ್ಕಿ ಒಂದೇ ಬಣ್ಣದ ತುಂಡುಗಳಾಗಿ ಮೇಜಿನ ಮೇಲೆ ಬಿದ್ದಿತ್ತು. ಇಲ್ಲಿ ಕತ್ತರಿಸುವವರ ಜಾಣ್ಮೆಯೂ ಸೋತಿದೆ. ಮೇಲಾಗಿ ಅಚ್ಚಿನಲ್ಲಿ ನೀಲಿ ಕಪ್ಪಿಗೆ ತಿರುಗಿದೆ. ಕಲಾವಿದ ತೀರಿಕೊಂಡ 60 ವರ್ಷಗಳ ನಂತರ ನಮ್ಮಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತದೆ. ರ‍್ಯಾಕಮ್ ತೀರಿದ್ದು 1939ರಲ್ಲಿ, ಡ್ಯುಲಾಕ್ 1953ರಲ್ಲಿ. ಹಾಗಾಗಿ ಈ ಚಿತ್ರಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಎಂಥ ಪ್ರತಿಯಿಂದ ಬೇಕಾದರೂ ಹಾಕಬಹುದು. ಕೊಳ್ಳುವ ಮೊದಲು ಅಚ್ಚಿನ ಫೋಟೊವನ್ನು ಹತ್ತಿರದಿಂದ ತೆಗೆಸಿ ತರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಮರದ ವಿಷಯ. ಪೆಟ್ಟಿಗೆ ತೆರೆದಾಗ ಲೇಸರ್ ಸುಟ್ಟ ಮರದ ವಾಸನೆ ಬರುತ್ತದೆ, ಅಂಚಿನ ಮಸಿ ಬೆರಳಿಗೆ ಹತ್ತುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಮೇ ತಿಂಗಳಲ್ಲಿ ಚೂರುಗಳು ಸಣ್ಣಗೆ ಟಕ್ಕೆಂದು ಕೂರುತ್ತಿದ್ದವು. ಜುಲೈ ಎರಡನೇ ವಾರಕ್ಕೆ ಅವೇ ಚೂರುಗಳು ಹೆಬ್ಬೆರಳಿನಿಂದ ಒತ್ತಿದರೂ ಒಳಗಿಳಿಯಲಿಲ್ಲ. ಲೇಸರ್ ಕೊಯ್ತ ಬಹಳ ತೆಳು, ಎರಡು ಚೂರುಗಳ ನಡುವೆ ಮರ ಉಬ್ಬಲು ಜಾಗವೇ ಇರುವುದಿಲ್ಲ. ಪ್ಲೈವುಡ್ಡಿನ ಅಂಚುಗಳೋ 250 ಕಡೆ ಬಾಯಿ ತೆರೆದುಕೊಂಡು ತೇವ ಕುಡಿಯುತ್ತವೆ. ಏಳು ಚೂರುಗಳ ಮೂಲೆಯಲ್ಲಿ ಅಂಟಿಸಿದ ಕಾಗದ ಎದ್ದಿತು. ರೇಷ್ಮೆ ಸೀರೆಗೆ ಬೂಸ್ಟು ಹಿಡಿಯದಿರಲೆಂದು ಬೀರುವಿನೊಳಗೆ ಉರಿಸಿಡುವ ಬಲ್ಬಿನ ಪಕ್ಕ ಎರಡು ದಿನ ಇಟ್ಟ ಮೇಲೆ ಚೂರುಗಳು ದಾರಿಗೆ ಬಂದವು, ಕಾಗದ ಮಾತ್ರ ಹಾಗೆಯೇ ಉಳಿಯಿತು. ಮರದ ಮೇಲೆ ನೇರವಾಗಿ ಅಚ್ಚು ಹಾಕಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ತೇವದ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಬಯಲುಸೀಮೆಯಲ್ಲಿ ಕೂತು ಮಾಡಿದವರಿಗೆ ಅದು ಹೊಳೆದಿರಲಾರದು.

ಕೊನೆಗೆ ತೋಳ ಪೂರ್ತಿಯಾಗುವ ಹೊತ್ತಿಗೆ ಅದರ ಬೆನ್ನಿನಲ್ಲಿ ಒಂದು ಚೂರಿನಷ್ಟು ತೂತು. ಸೋಫಾದ ಅಡಿ, ಕಂಬಳಿಯ ಮಡಿಕೆ ಎಲ್ಲ ಹುಡುಕಿದ್ದಾಯಿತು. "ಅಜ್ಜಿ, ಯಾರೋ ಕೋವಿಯಿಂದ ಹೊಡೆದಿದ್ದಾರೆ" ಎಂದಳು ಮೊಮ್ಮಗಳು. ಮಾರಾಟಗಾರರಿಗೆ ವಾಟ್ಸಾಪಿನಲ್ಲಿ ಫೋಟೊ ಕಳಿಸಿದೆ. ತಪ್ಪು ಯಾರದೆಂದು ಅವರು ಕೇಳಲಿಲ್ಲ, ಅದು ಅವರ ದೊಡ್ಡತನ; ಆದರೆ ಎರಡು ಬಾರಿ ನೆನಪಿಸಬೇಕಾಯಿತು, ಚೂರು ಬಂದದ್ದು ಹತ್ತೊಂಬತ್ತು ದಿನಕ್ಕೆ. ಆಕಾರ ಕರಾರುವಾಕ್ಕಾಗಿದೆ, ಬಣ್ಣ ಮಾತ್ರ ಒಂದು ಛಾಯೆ ಹೆಚ್ಚು ಕೆಂಪು, ಹಾಗಾಗಿ ತೋಳದ ಗಾಯ ಇನ್ನೂ ಮಾಯದಂತೆ ಕಾಣುತ್ತದೆ.

ಕೊಳ್ಳುವವರು ರ‍್ಯಾಕಮ್‌ನದನ್ನೇ ಕೊಳ್ಳಿ, ಸಾಧ್ಯವಾದರೆ ಡಿಸೆಂಬರಿನಲ್ಲಿ ತರಿಸಿಕೊಂಡು ಬಿಸಿಲಿರುವಾಗಲೇ ಒಮ್ಮೆ ಜೋಡಿಸಿ ಚೂರು ಎಣಿಸಿಡಿ. ಹಿಮರಾಣಿ ನಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತು, ಸೀರೆಗಳ ಜೊತೆ ಬಲ್ಬಿನ ಪಕ್ಕ ಕೂತಿದ್ದಾಳೆ.