ಕೊರಿಂತ್ ರೈಲು ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಹತ್ತುವ ಮುನ್ನ

ಗ್ರೀಸಿಗೆ ಹೋದವರಲ್ಲಿ ಅನೇಕರು ಅಥೆನ್ಸಿನಿಂದ ಒಂದು ದಿನದ ಮಟ್ಟಿಗೆ ಪ್ರಾಚೀನ ಕೊರಿಂತ್ ನಗರದ ಅವಶೇಷಗಳನ್ನು ನೋಡಿಬರುತ್ತಾರೆ ಮತ್ತು ಅದಕ್ಕಾಗಿ ಪ್ರೊಅಸ್ತಿಯಾಕೋಸ್ ಎಂಬ ಉಪನಗರ ರೈಲನ್ನು ಹಿಡಿಯುತ್ತಾರೆ. ರೈಲಿನ ಬಗ್ಗೆ ನನ್ನ ದೂರೇನೂ ಇಲ್ಲ. ಅದು ಸಮುದ್ರದ ಅಂಚಿನಲ್ಲೇ ಸಾಗಿ, ಪ್ರಸಿದ್ಧವಾದ ಕೊರಿಂತ್ ಕಾಲುವೆಯನ್ನೂ ದಾಟಿ, ಕೊರಿಂತ್ ನಿಲ್ದಾಣದಲ್ಲಿ ನಮ್ಮನ್ನು ಸರಿಯಾಗಿಯೇ ಇಳಿಸಿತು. ನಾನು ಬರೆಯುತ್ತಿರುವುದು ಇಳಿದ ಮೇಲೆ ನಡೆದದ್ದನ್ನು.

ಆ ನಿಲ್ದಾಣ ಊರಿನೊಳಗೆ ಇಲ್ಲದಿರುವುದೇ ತೊಂದರೆಯ ಮೂಲ. ಹಳೆಯ ಮೀಟರ್ ಗೇಜ್ ನಿಲ್ದಾಣ ಪಟ್ಟಣದಲ್ಲೇ ಇತ್ತು. 2005ರಲ್ಲಿ ಹೊಸ ಮಾರ್ಗ ಬಂದಾಗ ನಿಲ್ದಾಣವನ್ನು ಪಟ್ಟಣದ ಹೊರಗೆ ಕಟ್ಟಿದರು. ಪಟ್ಟಣವಾದರೂ 1858ರ ಭೂಕಂಪದಲ್ಲಿ ಹಳೆಯ ಊರು ಹಾಳಾದ ಮೇಲೆ ಕಡಲ ಕಡೆಗೆ ಸರಿದು ಹೊಸದಾಗಿ ಕಟ್ಟಿಕೊಂಡದ್ದು. ಹೀಗಾಗಿ ರೈಲು ನಿಲ್ಲುವುದು ಒಂದು ಕಡೆ, ಊರು ಇನ್ನೊಂದು ಕಡೆ, ನೋಡಬೇಕಾದ ದೇವಾಲಯ ಮತ್ತೊಂದು ಕಡೆ. ಈ ಅಂತರವೇ ಕೆಲವರ ಬಂಡವಾಳ.

ನಾವು ಮೂವರಿದ್ದೆವು: ನಾನು, ನನ್ನ ಹೆಂಡತಿ ಮತ್ತು ಮೊಣಕಾಲು ನೋವಿನ ನನ್ನ ತಂದೆ. ಹೊರಗೆ ನಿಂತಿದ್ದದ್ದು ಒಂದೇ ಟ್ಯಾಕ್ಸಿ. ಚಾಲಕ ತಾನಾಗಿಯೇ ಬಂದು, ತಂದೆಯವರ ಕೈಯಿಂದ ಚೀಲ ತೆಗೆದುಕೊಂಡು, ಅತ್ಯಂತ ವಿನಯದಿಂದ ಡಿಕ್ಕಿಯಲ್ಲಿ ಇಟ್ಟ. ಮೀಟರ್ ಹಾಕುವಿರಾ ಎಂದು ನಾನು ಕೇಳಿದೆ. ಕೇಳಿದ್ದೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. "ಮೀಟರ್ ಏಕೆ, 20 ಯೂರೋ, ಅಷ್ಟೇ" ಎಂದ. ಮೀಟರಿನ ಮೇಲೆ ಗಾಜು ಒರೆಸುವ ಹಳದಿ ಬಟ್ಟೆಯೊಂದನ್ನು ಮಡಿಸಿ ಹಾಕಿತ್ತು. ದಾರಿ ಹತ್ತು ಕಿಲೋಮೀಟರಿಗಿಂತ ಕಡಿಮೆಯೇ. ಆದರೂ ತಂದೆಯವರ ಕಾಲು ನೋಡಿ ಒಪ್ಪಿದೆವು. ದಾರಿಯುದ್ದಕ್ಕೂ ಇಂಡಿಯಾ ಬಹಳ ಇಷ್ಟ ಎಂದು ಹೊಗಳಿದ್ದೇ ಹೊಗಳಿದ್ದು.

ಅವಶೇಷಗಳ ಪ್ರವೇಶದ್ವಾರದ ಬಳಿ ಇಳಿದು ನಾನು 20ರ ನೋಟು ಕೊಟ್ಟೆ. ಆತ ಅದನ್ನು ಜೇಬಿಗೆ ಹಾಕಿಕೊಂಡು, ಕೈ ಹಿಂದಕ್ಕೆ ತೆಗೆಯದೆ ಚಾಚಿಯೇ ನಿಂತ. "ಇನ್ನು 40." ಯಾವ 40 ಎಂದರೆ, "ಒಬ್ಬೊಬ್ಬರಿಗೆ 20. ನೀವು ಮೂವರು." ಟ್ಯಾಕ್ಸಿಗೆ ತಲೆ ಲೆಕ್ಕ! ತಲೆ ಲೆಕ್ಕವಾದರೆ ಹತ್ತುವ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ನೀವು ಕೇಳಲಿಲ್ಲ" ಎಂಬ ಉತ್ತರ ಬಂತು. ಮೀಟರ್ ಕೇಳಿದ್ದೆನಲ್ಲ ಎಂದರೆ, "ಮೀಟರ್ ಹಾಕಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು, ನಿಮಗೆ ಉಪಕಾರವನ್ನೇ ಮಾಡಿದೆ." ರಸೀದಿ ಕೊಡಿ ಎಂದರೆ, "ಯಂತ್ರ ಕೆಟ್ಟಿದೆ." ಪೊಲೀಸರಿಗೆ ಹೇಳುತ್ತೇನೆ ಎಂದರೆ ನಕ್ಕು, "ಹೇಳಿ, ನಾನು ಕಾಯುತ್ತೇನೆ, ಕಾಯುವುದಕ್ಕೂ ದರ ಇದೆ" ಎಂದ. ಚೀಲ ಡಿಕ್ಕಿಯಲ್ಲಿತ್ತು, ಡಿಕ್ಕಿಗೆ ಬೀಗವಿತ್ತು, ಬೀಗದ ಕೈ ಅವನ ಬೆರಳಿನಲ್ಲಿ ತಿರುಗುತ್ತಿತ್ತು. ತಂದೆಯವರ ಮಾತ್ರೆಗಳು ಆ ಚೀಲದಲ್ಲಿದ್ದವು.

ಎದುರಿನ ಕಾಫಿ ಅಂಗಡಿಯಲ್ಲಿ ಕುಳಿತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. "ಕೊಟ್ಟು ಕಳಿಸೋ ಮಾರಾಯ, ಬಿಸಿಲು" ಎಂದರು ತಂದೆ. ಮೆಜೆಸ್ಟಿಕ್ಕಿನ ಆಟೋದವರೊಂದಿಗೆ ಜಗಳವಾಡಿಯೇ ಬೆಳೆದ ನಾನು, ಪರದೇಶದ ರಸ್ತೆಯಲ್ಲಿ ಹೆಂಡತಿಯ ಮುಂದೆ ಬಾಯಿ ಮುಚ್ಚಿಕೊಂಡು 40 ಯೂರೋ ಎಣಿಸಿದೆ. ಅಪೋಲೋ ದೇವಾಲಯದ ಉಳಿದ ಏಳು ಕಂಬಗಳನ್ನು ನೋಡಿದೆವು, ಪೈರೀನ್ ಬುಗ್ಗೆಯನ್ನೂ ನೋಡಿದೆವು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಆ "ನೀವು ಕೇಳಲಿಲ್ಲ" ಎಂಬ ಮಾತು.

ಇನ್ನೊಂದು ಸುಳ್ಳು ಸಂಜೆ ತಿಳಿಯಿತು. ಹೋಗುವಾಗ ಆತ, ಇಲ್ಲಿಂದ ಬಸ್ಸೇ ಇಲ್ಲ, ಐದು ಗಂಟೆಗೆ ನಾನೇ ಬಂದು ಕರೆದೊಯ್ಯುತ್ತೇನೆ ಎಂದು ಭರವಸೆ ಬೇರೆ ಕೊಟ್ಟಿದ್ದ. ಆದರೆ ಪ್ರಾಚೀನ ಕೊರಿಂತಿನಿಂದ ಹೊಸ ಪಟ್ಟಣಕ್ಕೆ ಬಸ್ಸಿದೆ. ನಾವು ಅದರಲ್ಲೇ ಬಂದೆವು, ಮೂವರ ಟಿಕೆಟ್ಟಿಗೆ ಚಿಲ್ಲರೆಯೇ ಸಾಕಾಯಿತು. ಪಟ್ಟಣದಿಂದ ನಿಲ್ದಾಣಕ್ಕೆ ಹತ್ತಿದ ಟ್ಯಾಕ್ಸಿಯ ಚಾಲಕ ಕೇಳದೆಯೇ ಮೀಟರ್ ಹಾಕಿ, ಮೂವರಿಗೂ ಸೇರಿ ಒಂದೇ ದರ ಪಡೆದು, ಮುದ್ರಿತ ರಸೀದಿಯನ್ನು ಹರಿದು ಕೈಗಿತ್ತ. ಅಂದರೆ ನಿಯಮವೂ ಇದೆ, ಅದನ್ನು ಪಾಲಿಸುವವರೂ ಇದ್ದಾರೆ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಗ್ರೀಸಿನಲ್ಲಿ ಟ್ಯಾಕ್ಸಿ ದರ ವಾಹನಕ್ಕೇ ಹೊರತು ತಲೆಗಲ್ಲ. ರಸೀದಿ ಕೊಡುವುದು ಚಾಲಕನ ಕರ್ತವ್ಯ. ಪ್ರವಾಸಿ ಪೊಲೀಸರ ಸಂಖ್ಯೆ 1571 ಅನ್ನು ರೈಲಿನಲ್ಲಿರುವಾಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಹತ್ತುವ ಮೊದಲು ಟ್ಯಾಕ್ಸಿಯ ಸಂಖ್ಯೆಯ ಫೋಟೋವನ್ನು ಚಾಲಕನಿಗೆ ಕಾಣುವಂತೆಯೇ ತೆಗೆಯಿರಿ. ಮೀಟರಿನ ಮೇಲೆ ಬಟ್ಟೆ ಕಂಡರೆ ಇಳಿದುಬಿಡಿ. ಎಷ್ಟೇ ವಿನಯದಿಂದ ಕೇಳಿದರೂ ಚೀಲವನ್ನು ಡಿಕ್ಕಿಗೆ ಕೊಡಬೇಡಿ, ತೊಡೆಯ ಮೇಲೆಯೇ ಇಟ್ಟುಕೊಳ್ಳಿ.