ಗ್ರೋ ಬ್ಯಾಗ್, ಮಣ್ಣಿನ ಕುಂಡ, ಪೇಂಟ್ ಬಕೆಟ್: ಕಾರವಾರದ ಮಳೆಗೆ ಯಾವುದು ತಾಳಿತು?

ತಾರಸಿಯಲ್ಲಿ ಗಿಡ ಬೆಳೆಸಲು ನನ್ನ ಓಟು ಪೇಂಟ್ ಬಕೆಟ್‌ಗೆ. ಗೋಡೆಗೆ ಎಮಲ್ಷನ್ ಹೊಡೆದು ಮುಗಿದ ಮೇಲೆ ಮೂಲೆಗೆ ಬೀಳುತ್ತದಲ್ಲ, ಹಿಡಿಕೆ ಇರುವ 20 ಲೀಟರಿನ ಬಕೆಟ್, ಅದಕ್ಕೆ. ಆದರೆ ಅಲ್ಲಿಗೆ ಬರುವ ಮುಂಚೆ 12 ಗ್ರೋ ಬ್ಯಾಗಿಗೆ, ಅಂದರೆ ಗಿಡ ಬೆಳೆಸುವ ಚೀಲಕ್ಕೆ, ದುಡ್ಡು ಸುರಿದಿದ್ದೆ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಕಾರವಾರದ ಕಾಜುಬಾಗದಲ್ಲಿ, ಬಾಡಿಗೆ ಮನೆಯ ಮಹಡಿ ಮೇಲೆ. ತಾರಸಿಯ ಅರ್ಧಕ್ಕೆ ತಗಡಿನ ಶೀಟ್ ಇದೆ, ಇನ್ನರ್ಧ ಬಯಲು. ಗಿಡ ಹಾಕಲು ಓನರ್ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಕೆಳಗಿನ ಸ್ಲ್ಯಾಬಿಗೆ ನೀರು ಇಳಿಯಬಾರದು.

ಏಪ್ರಿಲ್‌ನಲ್ಲಿ ಬೆಂಗಳೂರಿನವರ ವಿಡಿಯೋ ನೋಡಿ ಶುರು ಮಾಡಿದೆ. 12 ಇಂಚು ಅಗಲ, 12 ಇಂಚು ಎತ್ತರದ ಬ್ಯಾಗು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಗೊಬ್ಬರ. ಮೆಣಸು, ಬದನೆ, ಬೆಂಡೆ ಹಾಕಿದೆ. ಮೇ ಮುಗಿಯುವವರೆಗೆ ಎಷ್ಟು ಚಂದ ಬಂದಿದ್ದವು ಅಂದರೆ, ದಿನಾ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸುತ್ತಿದ್ದೆ.

ಜೂನ್ ಬಂತು.

ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 1000 ಮಿಲಿಮೀಟರ್ ಮಳೆ. ನಮ್ಮಲ್ಲಿ ಅದರ ಮೂರು ಪಟ್ಟು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ವಿಡಿಯೋದವರು ಹೇಳಿದ್ದು ಸುಳ್ಳಲ್ಲ, ಅವರ ಊರಿಗೆ ಅದು ಸರಿ. ಕೋಕೋಪೀಟ್ ಹಾಕುವುದೇ ನೀರು ಹಿಡಿದಿಡಲಿ ಅಂತ. ನಮಗೆ ನಾಲ್ಕು ತಿಂಗಳು ಬೇಕಾದದ್ದು ನೀರು ಬಿಡುವ ಮಣ್ಣು!

ಆದರೂ ನನ್ನ ತಲೆ ತಿಂದದ್ದು ಮಣ್ಣಲ್ಲ, ಬ್ಯಾಗಿನ ತೂತು. ತೂತು ಇರುವುದು ತಳದಲ್ಲಿ. ಒದ್ದೆ ಮಣ್ಣು ತುಂಬಿದ ಬ್ಯಾಗು ಕಡಿಮೆ ಅಂದರೂ 25 ಕೆ.ಜಿ. ತೂಗುತ್ತದೆ. ಆ ಭಾರಕ್ಕೆ ತಳ ಸಿಮೆಂಟಿಗೆ ಅಂಟಿ ಕೂತು ತೂತು ಮುಚ್ಚಿಹೋಗುತ್ತದೆ. ಮೇಲಿಂದ ಮಳೆ, ಕೆಳಗೆ ದಾರಿ ಬಂದ್. ಮೂರನೇ ವಾರಕ್ಕೆ ಮೆಣಸಿನ ಎಲೆ ಹಳದಿಯಾಯಿತು. ಗೊಬ್ಬರ ಸಾಲದೇನೋ ಅಂದುಕೊಂಡು ಇನ್ನಷ್ಟು ಹಾಕಿದೆ, ದಡ್ಡ. ಕೊನೆಗೆ ಒಂದು ಗಿಡ ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿ, ಹಿಚುಕಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಒಂಥರಾ ಗಟಾರದ ವಾಸನೆ ಬೇರೆ.

ಇಟ್ಟಿಗೆ ಮೇಲೆ ಇಟ್ಟರಾಯಿತು ಅಂತ ಯಾರಾದರೂ ಹೇಳುತ್ತೀರಿ. ಅದನ್ನೂ ಮಾಡಿದೆ. ಬ್ಯಾಗಿಗೆ ಗಟ್ಟಿ ತಳ ಇಲ್ಲ. ಎರಡು ಇಟ್ಟಿಗೆ ನಡುವೆ ಹೊಟ್ಟೆ ಜೋತು ಬಿತ್ತು, ತೂತೆಲ್ಲ ಇಟ್ಟಿಗೆ ಮೇಲೆಯೇ ಉಳಿದವು, ನೀರು ಹೊಟ್ಟೆಯಲ್ಲಿ ನಿಂತಿತು. ಶೀಟ್ ಕೆಳಗೆ ಎಳೆಯೋಣ ಅಂತ ಬ್ಯಾಗಿನ ಕಿವಿ ಹಿಡಿದು ಎತ್ತಿದರೆ ಹೊಲಿಗೆ ಬಿಟ್ಟು ಕಿವಿ ಕೈಗೆ ಬಂತು. ಅಷ್ಟು ಹೊತ್ತಿಗೆ ಓನರ್ ಮೇಲೆ ಬಂದರು. ಕೆಳಗೆ ಅವರ ಮಲಗುವ ಕೋಣೆಯ ಛಾವಣಿಯಲ್ಲಿ ತಟ್ಟೆಯಗಲದ ಒದ್ದೆ ಕಲೆ ಮೂಡಿತ್ತಂತೆ.

ಪಕ್ಕದ ಮನೆಯ ರಿಟೈರ್ಡ್ ಅಕ್ಕೋರು (ಟೀಚರ್) ಮಾತ್ರ ಮೊದಲೇ ಹೇಳಿದ್ದರು. "ಬುಡದಲ್ಲಿ ನೀರು ನಿಂತ್ರೆ ಯಾವ ಗಿಡ ಉಳೀತದೆ ತಮ್ಮಾ? ಮಳೆಗಾಲಕ್ಕೆ ಬಸಳೆ ಹಾಕು, ಸುಮ್ನಿರು." ಅವರ ಬಸಳೆ ಇರುವುದೇ ಪೇಂಟ್ ಬಕೆಟ್‌ನಲ್ಲಿ. ನಾನು ಅದನ್ನು ಬಡತನದ ಉಪಾಯ ಅಂದುಕೊಂಡಿದ್ದೆ.

ಜುಲೈಯಲ್ಲಿ ಪೇಂಟರ್ ಒಬ್ಬರಿಂದ 40 ರೂಪಾಯಿಗೆ ಒಂದರಂತೆ ಆರು ಬಕೆಟ್ ತಂದೆ. ಗ್ರೋ ಬ್ಯಾಗು ಒಂದಕ್ಕೆ 85 ಬಿದ್ದಿತ್ತು. ನೀರಿನಲ್ಲಿ ಕರಗುವ ಬಣ್ಣದ ಬಕೆಟನ್ನೇ ತನ್ನಿ, ಟರ್ಪೆಂಟೈನ್ ಬೇಕಾಗುವ ಆಯಿಲ್ ಪೇಂಟಿನದ್ದು ಬೇಡ. ಒಣಗಿದ ಬಣ್ಣವನ್ನು ಕೆರೆದು ತೆಗೆದು, ಎರಡು ದಿನ ನೀರು ತುಂಬಿಟ್ಟು ತೊಳೆಯಿರಿ. ತೂತನ್ನು ತಳಕ್ಕೆ ಕೊರೆಯಬೇಡಿ. ತಳದಿಂದ ಅರ್ಧ ಇಂಚು ಮೇಲೆ, ಬದಿಯಲ್ಲಿ, ಸುತ್ತ ಎಂಟು ಕೊರೆಯಿರಿ. ಬದಿಯ ತೂತನ್ನು ಯಾವ ಭಾರವೂ ಮುಚ್ಚುವುದಿಲ್ಲ. ಒಳಗೆ ಮೊದಲು ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಚೂರು, ಅದರ ಮೇಲೆ ಹಿಡಿ ದರಕು (ಒಣಗಿದ ಎಲೆ), ಆಮೇಲೆ ಮಣ್ಣು. ಕೋಕೋಪೀಟ್ ಪೂರ್ತಿ ಬಿಟ್ಟೆ. ಕೆಂಪು ಮಣ್ಣು ಅರ್ಧ, ಉಳಿದರ್ಧದಲ್ಲಿ ದಪ್ಪ ಮರಳು ಮತ್ತು ಹಳೇ ಸಗಣಿ ಗೊಬ್ಬರ. ಮರಳು ಹೊಳೆಯದ್ದೇ ಆಗಬೇಕು. ಸಮುದ್ರ ಹತ್ತಿರ ಇದೆಯೆಂದು ಬೀಚಿನಿಂದ ತಂದೀರಿ, ಉಪ್ಪಿಗೆ ಗಿಡ ಸುಟ್ಟುಹೋಗುತ್ತದೆ.

ಮಳೆ ಹೊಡೆತ ಜೋರಾದ ದಿನ ಹಿಡಿಕೆ ಹಿಡಿದು, ಹೆಂಡತಿ ಒಂದು ಕಡೆ ನಾನೊಂದು ಕಡೆ, ಶೀಟ್ ಕೆಳಗೆ. ಅಷ್ಟೇ ಕೆಲಸ. ನೀರು ಎಲ್ಲಿಂದ ಹೊರಬರುತ್ತದೆ ಅಂತ ಕಣ್ಣಿಗೆ ಕಾಣುವುದರಿಂದ ಬಕೆಟನ್ನು ತಿರುಗಿಸಿ ಪೈಪಿನ ಕಡೆಗೆ ಹರಿಸಬಹುದು. ಓನರ್ ಆಮೇಲೆ ಮೇಲೆ ಬಂದದ್ದು ಹರಿವೆ ಸೊಪ್ಪು ಕೇಳಲು.

ಚಂದ ಇಲ್ಲ, ಒಪ್ಪುತ್ತೇನೆ. ತಾರಸಿ ತುಂಬ ಪೇಂಟಿನ ಜಾಹೀರಾತು. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಒಂದರ ಹಿಡಿಕೆ ಆಗಲೇ ಮುರಿದಿದೆ.

ಮಣ್ಣಿನ ಕುಂಡ? ನೋಡಲು ಅದರಷ್ಟು ಚಂದ ಬೇರಿಲ್ಲ. ಕುಂಡದ ಗೋಡೆಯಲ್ಲಿ ಗಾಳಿ ಆಡುವುದರಿಂದ ಮಳೆಗಾಲದಲ್ಲಿ ಬೇರಿಗೂ ಹಿತ. ಆದರೆ ಮೇ ತಿಂಗಳ ಗಾಳಿಗೆ ದಿನಕ್ಕೆ ಎರಡು ಸಲ ನೀರು ಕೇಳುತ್ತದೆ. ಎಂಟು ಗಂಟೆಗೆ ಮನೆ ಬಿಡುವ ನನಗೆ ಆಗದ ಮಾತು. ಜಾರಿಬಿಟ್ಟರೆ 250 ರೂಪಾಯಿ ಚೂರು ಚೂರು. ಒಂದೇ ಇಟ್ಟುಕೊಂಡಿದ್ದೇನೆ, ತುಳಸಿಗೆ.

ಗ್ರೋ ಬ್ಯಾಗನ್ನು ಪೂರ್ತಿ ಬೈಯುವುದೂ ತಪ್ಪು. ಶಿರಸಿಯಲ್ಲಿ ನನ್ನ ತಂಗಿ ಅದೇ ಬ್ಯಾಗುಗಳನ್ನು ಅಂಗಳದ ಮಣ್ಣಿನ ಮೇಲೆ ಇಟ್ಟಿದ್ದಾಳೆ. ನೀರು ಕೆಳಗೆ ಇಂಗುತ್ತದೆ, ಬದನೆ ಜೋರಾಗಿದೆ. ಅವಳ ತಲೆನೋವು ಬೇರೆ, ಮಂಗ.

ನಿಮ್ಮದು ಸ್ವಂತ ಮನೆ, ತಾರಸಿಗೆ ಪೂರ್ತಿ ಶೀಟ್ ಇದೆ, ಜಾಗ ಬದಲಿಸುವ ಗೋಜಿಲ್ಲ ಅಂದರೆ ಬ್ಯಾಗು ತಗೊಳ್ಳಿ. ನನಗೆ ಈ ವರ್ಷ ಇನ್ನೂ ಆರು ಬಕೆಟ್ ಬೇಕು. ಚೌತಿ ಮುಂಚೆ ಮನೆಗಳ ಒಳಗೆ ಬಣ್ಣ ಹೊಡೆಯುವ ಕೆಲಸ ಇರುತ್ತದೆ, ಆಗ ಬನ್ನಿ ಅಂದಿದ್ದಾರೆ ಪೇಂಟರ್. ಉಳಿದ ಗ್ರೋ ಬ್ಯಾಗುಗಳಲ್ಲಿ ದರಕು ತುಂಬಿಟ್ಟಿದ್ದೇನೆ. ಅದೂ ಶೀಟ್ ಕೆಳಗೇ.